ಸವಾಲು, ಜವಾಬು, ಜವಾಬ್ದಾರಿ: ಐರ್ಲೆಂಡ್ ಸಂಸತ್ತಿನ ಒಂದು ಪಾಠ

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ನಾವು ದಿನವೂ ಬಳಸುವ 'ಜವಾಬ್ದಾರಿ' ಎಂಬ ಕನ್ನಡ ಪದದೊಳಗೆ ಒಂದು 'ಜವಾಬು' ಇದೆ. ಮನೆಯಲ್ಲಿ ಉರ್ದು ಮಾತನಾಡುವ ನಮ್ಮಂಥವರಿಗೆ ಇದು ಬೇಗ ಕಣ್ಣಿಗೆ ಬೀಳುತ್ತದೆ. ಜವಾಬ್ ಎಂದರೆ ಉತ್ತರ. ಜವಾಬ್ದಾರ ಎಂದರೆ ಉತ್ತರ ಕೊಡಬೇಕಾದವನು. ಹಾಗೆಯೇ 'ಸವಾಲ್' ಎಂದರೆ ಪ್ರಶ್ನೆ. ಕನ್ನಡದಲ್ಲಿ ಸವಾಲು ಎಂದರೆ ಪಂಥಾಹ್ವಾನ ಎಂಬ ಅರ್ಥ ಬಂದಿದ್ದರೂ, ಕೋರ್ಟಿನ 'ಪಾಟೀಸವಾಲು' ಎಂಬ ಮಾತಿನಲ್ಲಿ ಹಳೆಯ ಅರ್ಥ ಇನ್ನೂ ಉಳಿದಿದೆ.

ಐರಿಷ್ ಭಾಷೆಯಲ್ಲಿಯೂ ಇದೇ ಸಂಗತಿ ಇದೆ. ಆ ಭಾಷೆಯಲ್ಲಿ ಉತ್ತರಕ್ಕೆ 'ಫ್ರ್ಯಾಗ್ರ' ಎನ್ನುತ್ತಾರೆ. ಐರ್ಲೆಂಡಿನ 1937ರ ಸಂವಿಧಾನದ 28ನೇ ವಿಧಿಯು ಸರ್ಕಾರವು ಸಂಸತ್ತಿನ ಕೆಳಮನೆಗೆ ಜವಾಬ್ದಾರ ಎಂದು ಹೇಳುತ್ತದೆ. ಅದರ ಐರಿಷ್ ಪಾಠದಲ್ಲಿ ಜವಾಬ್ದಾರ ಎಂಬುದಕ್ಕೆ ಇರುವ ಪದ 'ಫ್ರ್ಯಾಗ್ರಖ್'. ಅಂದರೆ ಅಲ್ಲಿಯೂ ಉತ್ತರ ಕೊಡಬೇಕಾದವನೇ ಜವಾಬ್ದಾರ.

ಹಾಗಾದರೆ, ಪ್ರಶ್ನೆ ಕೇಳಿದಾಗ ಸರ್ಕಾರ ಸರಿಯಾಗಿ ಉತ್ತರ ಕೊಡದಿದ್ದರೆ ಏನಾಗುತ್ತದೆ? ಐರ್ಲೆಂಡಿನಲ್ಲಿ 1989ರಿಂದ 1994ರ ತನಕ ನಡೆದ ಒಂದು ಪ್ರಕರಣ ಇದಕ್ಕೆ ಒಳ್ಳೆಯ ಪಾಠ. ಇದು ರಾಜ್ಯಶಾಸ್ತ್ರದ ಪಾಠ ಮಾತ್ರವಲ್ಲ. ರಫ್ತು, ವಿಮೆ, ಸಾಲ, ಲೆಕ್ಕಪತ್ರ ಎಲ್ಲವೂ ಇದರಲ್ಲಿ ಬರುವುದರಿಂದ ನಮ್ಮ ವಾಣಿಜ್ಯ ವಿಭಾಗದ ಪಾಠವೂ ಹೌದು.

ಮೊದಲು ಸದನದ ಪರಿಚಯ

ಐರ್ಲೆಂಡಿನ ಸಂಸತ್ತು ಡಬ್ಲಿನ್ ನಗರದ ಲೀನ್‌ಸ್ಟರ್ ಹೌಸ್ ಎಂಬ ಕಟ್ಟಡದಲ್ಲಿ ಸೇರುತ್ತದೆ. ಅದಕ್ಕೆ ಎರಡು ಸದನಗಳು. ಕೆಳಮನೆಗೆ ಡಾಲ್ ಎಂದು, ಮೇಲ್ಮನೆಗೆ ಶನಡ್ ಎಂದು ಹೆಸರು. ಡಾಲ್ ಸದಸ್ಯರನ್ನು ಚಿಕ್ಕದಾಗಿ 'ಟಿಡಿ' ಎಂದು ಕರೆಯುತ್ತಾರೆ. 2024ರ ನವೆಂಬರ್ ಚುನಾವಣೆಯಿಂದ ಡಾಲ್‌ನಲ್ಲಿ 174 ಸದಸ್ಯರಿದ್ದಾರೆ. ಶನಡ್‌ನಲ್ಲಿ 60 ಸದಸ್ಯರಿದ್ದಾರೆ.

ಪ್ರಧಾನಿಗೆ ಅಲ್ಲಿ 'ಟೀಶಖ್' ಎನ್ನುತ್ತಾರೆ. ಕೊನೆಯ ಅಕ್ಷರವನ್ನು 'ಖಬರ್' ಎನ್ನುವಾಗ ನಾವು ಗಂಟಲಿನಿಂದ ತರುವ ಖಕಾರದಂತೆ ಉಚ್ಚರಿಸಬೇಕು. ಉಪಪ್ರಧಾನಿಗೆ 'ತಾನಿಷ್ಟೆ' ಎಂದೂ, ಸ್ಪೀಕರ್‌ಗೆ 'ಕ್ಯೌನ್ ಕೋರ್ಲೆ' ಎಂದೂ ಹೆಸರು.

ನಮ್ಮ ಸಂವಿಧಾನ ರಚಿಸಿದವರು ಐರ್ಲೆಂಡಿನ ಸಂವಿಧಾನವನ್ನು ಓದಿದ್ದರು. ನಮ್ಮ ರಾಜ್ಯ ನೀತಿ ನಿರ್ದೇಶಕ ತತ್ವಗಳಿಗೆ ಮಾದರಿ ಅಲ್ಲಿಂದಲೇ ಬಂದದ್ದು ಎಂದು ಪಠ್ಯದಲ್ಲಿ ಓದಿದ್ದೇವೆ. ಪ್ರಶ್ನೋತ್ತರ ವೇಳೆಯ ಪದ್ಧತಿ ಎರಡೂ ದೇಶಗಳಿಗೆ ಬಂದದ್ದು ಬ್ರಿಟಿಷ್ ಸಂಸತ್ತಿನಿಂದ. ಆದ್ದರಿಂದ ನಮ್ಮ ಸದನಗಳ ಚುಕ್ಕೆ ಗುರುತಿನ ಪ್ರಶ್ನೆ, ಚುಕ್ಕೆ ಗುರುತಿಲ್ಲದ ಪ್ರಶ್ನೆ ಗೊತ್ತಿದ್ದವರಿಗೆ ಡಾಲ್‌ನ ಪದ್ಧತಿ ಕಷ್ಟವೆನಿಸುವುದಿಲ್ಲ.

ಪ್ರಶ್ನೆ ಕೇಳುವ ದಾರಿಗಳು

ಡಾಲ್‌ನಲ್ಲಿ ಇಂದು ಸದಸ್ಯರಿಗೆ ಮುಖ್ಯವಾಗಿ ಮೂರು ದಾರಿಗಳಿವೆ.

ಒಂದು, ಲಿಖಿತ ಪ್ರಶ್ನೆ. ಸದಸ್ಯರು ಬರೆದು ಕಳುಹಿಸುತ್ತಾರೆ, ಇಲಾಖೆ ಬರೆದು ಉತ್ತರಿಸುತ್ತದೆ. ವರ್ಷಕ್ಕೆ ಹತ್ತಾರು ಸಾವಿರ ಪ್ರಶ್ನೆಗಳು ಹೀಗೆ ಬರುತ್ತವೆ.

ಎರಡು, ಮೌಖಿಕ ಪ್ರಶ್ನೆ. ಇದನ್ನೂ ಮುಂಚಿತವಾಗಿ ಬರೆದು ಕೊಡಬೇಕು. ಸಚಿವರು ಸರದಿಯ ಪ್ರಕಾರ ಸದನಕ್ಕೆ ಬಂದು ನಿಂತು ಉತ್ತರಿಸುತ್ತಾರೆ. ಉತ್ತರ ಕೇಳಿದ ಮೇಲೆ ಸದಸ್ಯರು ಉಪಪ್ರಶ್ನೆ ಹಾಕಬಹುದು. ಮೊದಲ ಉತ್ತರವನ್ನು ಅಧಿಕಾರಿಗಳು ಬರೆದುಕೊಟ್ಟಿರುತ್ತಾರೆ, ಸಚಿವರು ಓದಿದರೆ ಸಾಕು. ಆದರೆ ಉಪಪ್ರಶ್ನೆಗೆ ಸಚಿವರೇ ಯೋಚಿಸಿ ಉತ್ತರ ಕೊಡಬೇಕು. ವಿಷಯ ಅವರಿಗೆ ಎಷ್ಟು ಗೊತ್ತಿದೆ ಎಂಬುದು ಆಗಲೇ ತಿಳಿಯುವುದು. ಕೆಲವು ಪ್ರಶ್ನೆಗಳನ್ನು ವಿರೋಧ ಪಕ್ಷಗಳಿಗೆಂದೇ 'ಆದ್ಯತೆಯ ಪ್ರಶ್ನೆ' ಎಂದು ಮೀಸಲಿಟ್ಟಿರುತ್ತಾರೆ.

ಮೂರು, ನಾಯಕರ ಪ್ರಶ್ನೆ. ಇದು ಸುಮಾರು 2001ರಿಂದ ಆರಂಭವಾದ ಪದ್ಧತಿ. ವಿರೋಧ ಪಕ್ಷಗಳ ನಾಯಕರು ಆ ದಿನದ ವಿಷಯವನ್ನು ಹಿಡಿದು ನೇರವಾಗಿ ಟೀಶಖ್ ಅವರನ್ನು ಕೇಳುತ್ತಾರೆ. ಗುರುವಾರಗಳಲ್ಲಿ ಸಾಮಾನ್ಯವಾಗಿ ತಾನಿಷ್ಟೆ ಉತ್ತರಿಸುತ್ತಾರೆ. ಟಿವಿಯಲ್ಲಿ ಹೆಚ್ಚು ಜನ ನೋಡುವುದು ಇದನ್ನೇ.

ಇನ್ನೊಂದು ನಿಯಮ ತಿಳಿದಿರಬೇಕು. ಸಂವಿಧಾನದ 15ನೇ ವಿಧಿಯ ಪ್ರಕಾರ, ಸದನದೊಳಗೆ ಆಡಿದ ಮಾತಿಗಾಗಿ ಸದಸ್ಯರನ್ನು ಯಾವ ಕೋರ್ಟೂ ಪ್ರಶ್ನಿಸುವಂತಿಲ್ಲ. ಅದು ಸದನಕ್ಕೇ ಬಿಟ್ಟ ವಿಷಯ. ಈ ನಿಯಮ ಮುಂದೆ ನಮ್ಮ ಪ್ರಕರಣದಲ್ಲಿ ಬರುತ್ತದೆ.

ರಫ್ತು ಸಾಲ ವಿಮೆ ಎಂದರೇನು?

ಪ್ರಕರಣ ಅರ್ಥವಾಗಬೇಕಾದರೆ ಮೊದಲು ಈ ವಿಷಯ ಗೊತ್ತಿರಬೇಕು. ಮೊದಲ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ಪಾಠ ಓದಿದವರಿಗೆ ಇಸಿಜಿಸಿ ನೆನಪಿರಬಹುದು. 1957ರಲ್ಲಿ ಆರಂಭವಾದ ನಮ್ಮ ಸರ್ಕಾರಿ ಸಂಸ್ಥೆ ಅದು. ವಿದೇಶದ ಖರೀದಿದಾರ ಹಣ ಕೊಡದಿದ್ದರೆ ನಮ್ಮ ರಫ್ತುದಾರನಿಗೆ ಆಗುವ ನಷ್ಟವನ್ನು ಅದು ಭರಿಸುತ್ತದೆ. ಅದಕ್ಕಾಗಿ ರಫ್ತುದಾರ ಪ್ರೀಮಿಯಂ ಕಟ್ಟಿರಬೇಕು.

ಐರ್ಲೆಂಡಿನಲ್ಲಿ ಈ ವಿಮೆಯನ್ನು ಆಗ ಕೈಗಾರಿಕೆ ಮತ್ತು ವಾಣಿಜ್ಯ ಸಚಿವರ ಅಧಿಕಾರದಲ್ಲಿ ಸರ್ಕಾರವೇ ಕೊಡುತ್ತಿತ್ತು. ಒಂದು ಉದಾಹರಣೆ ನೋಡೋಣ. ಒಬ್ಬ ವ್ಯಾಪಾರಿ ಹೊರದೇಶಕ್ಕೆ 100 ರೂಪಾಯಿಯ ಸರಕನ್ನು ಸಾಲಕ್ಕೆ ಕಳುಹಿಸಿದ, ಸರ್ಕಾರ ಅದರಲ್ಲಿ 70 ರೂಪಾಯಿಗೆ ಭರವಸೆ ಕೊಟ್ಟಿತು ಎಂದುಕೊಳ್ಳಿ. ಆ ದಿನ ಖಜಾನೆಯಿಂದ ಒಂದು ರೂಪಾಯಿಯೂ ಹೊರಹೋಗುವುದಿಲ್ಲ. ಬಜೆಟ್ಟಿನಲ್ಲಿ ಖರ್ಚು ಎಂದು ಕಾಣುವುದಿಲ್ಲ. ಆದರೆ ಖರೀದಿದಾರ ಕೈ ಎತ್ತಿದ ದಿನ 70 ರೂಪಾಯಿ ಜನರ ತೆರಿಗೆ ಹಣದಿಂದ ಹೋಗುತ್ತದೆ.

ಲೆಕ್ಕಶಾಸ್ತ್ರದಲ್ಲಿ ಇದಕ್ಕೆ ಸಂಭಾವ್ಯ ಹೊಣೆ ಎನ್ನುತ್ತೇವೆ. ಆಸ್ತಿ-ಹೊಣೆ ಪಟ್ಟಿಯ ಒಳಗೆ ಇದು ಬರುವುದಿಲ್ಲ, ಕೆಳಗೆ ಟಿಪ್ಪಣಿಯಾಗಿ ಬರುತ್ತದೆ. ಟಿಪ್ಪಣಿ ಬರೆಯದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಸರ್ಕಾರ ಹಣ ಖರ್ಚು ಮಾಡಬೇಕಾದರೆ ಸದನದ ಒಪ್ಪಿಗೆ ಬೇಕು, ಆಗ ಚರ್ಚೆ ತಾನಾಗಿಯೇ ಆಗುತ್ತದೆ. ಆದರೆ ಇಂಥ ಭರವಸೆಯ ಬಗ್ಗೆ ಯಾರಾದರೂ ಎದ್ದು ನಿಂತು ಕೇಳಿದರೆ ಮಾತ್ರ ತಿಳಿಯುತ್ತದೆ. ಇಲ್ಲಿ ಪ್ರಶ್ನೆಗೆ ಇಷ್ಟು ಬೆಲೆ ಬರುವುದು ಇದೇ ಕಾರಣಕ್ಕೆ.

ಕೇಳಿದವರು ಯಾರು, ಕೇಳಿದ್ದೇನು?

1980ರ ದಶಕದಲ್ಲಿ ಇರಾಕ್ ದೇಶವು ಇರಾನ್ ಜೊತೆ ಯುದ್ಧದಲ್ಲಿತ್ತು. ಅದು ಐರ್ಲೆಂಡಿನಿಂದ ಬಹಳಷ್ಟು ದನದ ಮಾಂಸವನ್ನು ಸಾಲಕ್ಕೆ ಕೊಳ್ಳುತ್ತಿತ್ತು. ಹಣ ಬರುವುದು ತಡವಾಗುತ್ತಿದ್ದರಿಂದ ಅಪಾಯ ಹೆಚ್ಚೆಂದು ಹಿಂದಿನ ಸರ್ಕಾರ ಇರಾಕ್ ವ್ಯಾಪಾರಕ್ಕೆ ವಿಮೆ ನಿಲ್ಲಿಸಿತ್ತು. 1987ರಲ್ಲಿ ಚಾರ್ಲ್ಸ್ ಹಾಹಿ ನಾಯಕತ್ವದ ಫಿಯನ ಫಾಯಿಲ್ ಪಕ್ಷದ ಸರ್ಕಾರ ಬಂತು. ಕೈಗಾರಿಕೆ ಮತ್ತು ವಾಣಿಜ್ಯ ಸಚಿವರಾದ ಆಲ್ಬರ್ಟ್ ರೆನಾಲ್ಡ್ಸ್ ಅವರು ಆ ವಿಮೆಯನ್ನು ಮತ್ತೆ ಆರಂಭಿಸಿದರು. ರೈತರಿಗೆ, ಉದ್ಯೋಗಕ್ಕೆ, ರಫ್ತಿಗೆ ಒಳ್ಳೆಯದಾಗುತ್ತದೆ ಎಂಬುದು ಅವರ ವಾದ. ಇರಾಕ್‌ಗೆ ಮಾಂಸ ಕಳುಹಿಸಲು ಈ ವಿಮೆ ದೊರೆತದ್ದು ಎರಡು ಗುಂಪುಗಳಿಗೆ: ದೇಶದ ಅತಿ ದೊಡ್ಡ ಮಾಂಸ ಸಂಸ್ಕರಣಾ ಉದ್ಯಮವಾದ ಗುಡ್‌ಮನ್ ಗುಂಪು ಮತ್ತು ಹೈಬರ್ನಿಯಾ ಮೀಟ್ಸ್.

1989ರಲ್ಲಿ ವಿರೋಧ ಪಕ್ಷದ ಸದಸ್ಯರು ಡಾಲ್‌ನಲ್ಲಿ ಇದನ್ನೂ ಮಾಂಸ ಉದ್ಯಮದ ಇತರ ಸಂಗತಿಗಳನ್ನೂ ಎತ್ತಿದರು. ಲೇಬರ್ ಪಕ್ಷದ ಬ್ಯಾರಿ ಡೆಸ್ಮಂಡ್ ಮತ್ತು ಡಿಕ್ ಸ್ಪ್ರಿಂಗ್, ವರ್ಕರ್ಸ್ ಪಾರ್ಟಿಯ ಟೊಮಾಸ್ ಮಾಕ್ ಗಿಲ್ಲ ಮತ್ತು ಆ ವರ್ಷವೇ ಮೊದಲ ಬಾರಿ ಗೆದ್ದು ಬಂದ ಪ್ಯಾಟ್ ರ್‍ಯಾಬಿಟ್ ಇವರಲ್ಲಿ ಮುಖ್ಯರು. ಇನ್ನೊಬ್ಬರು ಡೆಸ್ ಒಮ್ಯಾಲಿ. ಅವರನ್ನು ಸ್ವಲ್ಪ ಹೆಚ್ಚಾಗಿ ಪರಿಚಯಿಸಬೇಕು.

ಒಮ್ಯಾಲಿ ಲಿಮರಿಕ್ ನಗರದವರು. ಮೊದಲು ಫಿಯನ ಫಾಯಿಲ್ ಪಕ್ಷದಲ್ಲೇ ಇದ್ದವರು. 1985ರಲ್ಲಿ ಆ ಪಕ್ಷ ಅವರನ್ನು ಹೊರಹಾಕಿತು. ಅದೇ ವರ್ಷದ ಕೊನೆಯಲ್ಲಿ ಅವರು ಪ್ರೋಗ್ರೆಸಿವ್ ಡೆಮಾಕ್ರಟ್ಸ್ ಎಂಬ ಹೊಸ ಪಕ್ಷ ಕಟ್ಟಿದರು. ಮುಖ್ಯವಾದ ಸಂಗತಿ ಎಂದರೆ, 1977ರಿಂದ 1981ರವರೆಗೆ ಕೈಗಾರಿಕೆ ಮತ್ತು ವಾಣಿಜ್ಯ ಖಾತೆಯನ್ನು ಅವರೇ ನಿಭಾಯಿಸಿದ್ದರು. ಇಲಾಖೆಯ ಕೆಲಸ ಹೇಗೆ ನಡೆಯುತ್ತದೆ, ಯಾವ ಕಡತದಲ್ಲಿ ಏನಿರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆದ್ದರಿಂದ ಅವರ ಮಾತು ಬರೀ ಟೀಕೆಯಾಗಿರಲಿಲ್ಲ. ವಿಮೆಯಲ್ಲಿ ಎಷ್ಟು ಪಾಲು ಯಾರಿಗೆ ಹೋಯಿತು, ವಿಮೆ ಮಾಡಿದ ಸರಕಿನ ಮೊತ್ತವೂ ದೇಶದಿಂದ ನಿಜವಾಗಿ ಇರಾಕ್‌ಗೆ ಹೋದ ಸರಕಿನ ಮೊತ್ತವೂ ಹೊಂದುತ್ತವೆಯೇ ಎಂಬ ಲೆಕ್ಕದ ಮೇಲೆ ಅದು ನಿಂತಿತ್ತು.

ಇದು ನಾವು ಮೊದಲ ಪಿಯುಸಿಯಲ್ಲಿ ಮಾಡುವ ಬ್ಯಾಂಕ್ ಹೊಂದಾಣಿಕೆ ಪಟ್ಟಿಯ ಕೆಲಸವೇ. ನಗದು ಪುಸ್ತಕದ ಬಾಕಿ ಒಂದು, ಪಾಸ್‌ಬುಕ್ಕಿನ ಬಾಕಿ ಇನ್ನೊಂದು. ವ್ಯತ್ಯಾಸ ಇದ್ದರೆ ಯಾರೋ ಕದ್ದರು ಎಂದು ಅರ್ಥವಲ್ಲ. ವ್ಯತ್ಯಾಸಕ್ಕೆ ಕಾರಣ ಹೇಳಬೇಕು ಎಂದಷ್ಟೇ ಅರ್ಥ. ಕಾರಣ ಹೇಳಬೇಕಾದ ಸ್ಥಳ ಸಂಸತ್ತು, ಹೇಳಬೇಕಾದವರು ಸಚಿವರು. ಆದರೆ ಪೂರ್ತಿ ಉತ್ತರ ಸದನಕ್ಕೆ ಬರಲಿಲ್ಲ.

ಪ್ರಶ್ನಿಸಿದವರೇ ಕುರ್ಚಿಗೆ ಬಂದಾಗ

1989ರ ಜೂನ್‌ನಲ್ಲಿ ಚುನಾವಣೆ ನಡೆಯಿತು. ಫಿಯನ ಫಾಯಿಲ್‌ಗೆ ಬಹುಮತ ಸಿಗಲಿಲ್ಲ. ಅದು ತನ್ನ ಇತಿಹಾಸದಲ್ಲಿ ಮೊದಲ ಬಾರಿ ಸಮ್ಮಿಶ್ರ ಸರ್ಕಾರಕ್ಕೆ ಒಪ್ಪಿತು. ಜೊತೆಗೆ ಬಂದ ಪಕ್ಷ ಒಮ್ಯಾಲಿಯವರದು. ಜುಲೈನಲ್ಲಿ ಒಮ್ಯಾಲಿ ಕೈಗಾರಿಕೆ ಮತ್ತು ವಾಣಿಜ್ಯ ಸಚಿವರಾದರು. ಎರಡು ತಿಂಗಳ ಹಿಂದೆ ಯಾವ ಇಲಾಖೆಯ ಬಗ್ಗೆ ಸದನದಲ್ಲಿ ಮಾತೆತ್ತಿದ್ದರೋ ಅದೇ ಇಲಾಖೆಯ ಕಡತಗಳು ಈಗ ಅವರ ಮೇಜಿನ ಮೇಲೆ ಬಂದವು.

ಅವರು ತನಿಖೆ ಮಾಡಿಸಿದರು. ವಿಮೆ ಪಡೆದು ಇರಾಕ್‌ಗೆ ಹೋದ ಮಾಂಸದಲ್ಲಿ ಸುಮಾರು 38 ಶೇಕಡಾ ಐರ್ಲೆಂಡ್ ಗಣರಾಜ್ಯದ ಹೊರಗಿನಿಂದ ಬಂದದ್ದು ಎಂದು ತಿಳಿಯಿತು. ಅಂದರೆ ಐರಿಷ್ ತೆರಿಗೆದಾರರ ಭರವಸೆಯ ಮೇಲೆ ಬೇರೆ ಕಡೆಯ ಸರಕು ಹೋಗಿತ್ತು. ದೇಶದ ರೈತರಿಗೆ ಅನುಕೂಲವಾಗಲಿ ಎಂದು ಕೊಟ್ಟ ವಿಮೆ ಇದು. ಒಮ್ಯಾಲಿ 1989ರ ಅಕ್ಟೋಬರ್‌ನಲ್ಲಿ ಆ ವಿಮೆಯನ್ನು ಅಸಿಂಧು ಎಂದು ಘೋಷಿಸಿದರು. ಇದನ್ನು ಒಪ್ಪದೆ ಕಂಪನಿ ಸರ್ಕಾರದ ಮೇಲೆ ದಾವೆ ಹೂಡಿತು.

1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತ್ ಮೇಲೆ ದಾಳಿ ಮಾಡಿತು. ವಿಶ್ವಸಂಸ್ಥೆ ನಿರ್ಬಂಧ ಹಾಕಿತು. ಇರಾಕ್‌ನಿಂದ ಬರಬೇಕಾದ ಹಣ ನಿಂತುಹೋಯಿತು. ಗುಡ್‌ಮನ್ ಗುಂಪು ಕುಸಿಯುವ ಸ್ಥಿತಿಗೆ ಬಂತು. ರಜೆಯಲ್ಲಿದ್ದ ಡಾಲ್ ಅನ್ನು ಆ ತಿಂಗಳ ಕೊನೆಯಲ್ಲಿ ತುರ್ತಾಗಿ ಕರೆದು ಕಂಪನಿಗಳ ಕಾಯ್ದೆಗೆ ತಿದ್ದುಪಡಿ ತಂದರು. ಸಾಲದಲ್ಲಿ ಮುಳುಗಿದ ಕಂಪನಿಯನ್ನು ಕೂಡಲೇ ಮುಚ್ಚದೆ, ಕೋರ್ಟ್ ನೇಮಿಸಿದ ಒಬ್ಬ ಪರೀಕ್ಷಕನ ಮೂಲಕ ಉಳಿಸಲು ಪ್ರಯತ್ನಿಸುವ ವ್ಯವಸ್ಥೆ ಅದು. ಇಂದಿಗೂ ಐರ್ಲೆಂಡಿನ ಕಂಪನಿ ಕಾನೂನಿನಲ್ಲಿ ಅದು ಇದೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ಹಣ ಬರುವುದಿಲ್ಲ ಎಂಬ ಅಪಾಯ 1989ರಲ್ಲಿ ಕಾಗದದ ಮೇಲಿತ್ತು. 1990ರಲ್ಲಿ ಅದು ನಿಜವಾಯಿತು. ಸಂಭಾವ್ಯ ಹೊಣೆ ನಿಜವಾದ ಹೊಣೆಯಾಗುವುದಕ್ಕೆ ಒಂದು ಯುದ್ಧ ಸಾಕಾಯಿತು. ಅಪಾಯದ ಬಗ್ಗೆ ಮುಂಚೆಯೇ ಕೇಳುವುದು ಅಪಶಕುನ ನುಡಿದಂತೆ ಅಲ್ಲ ಎಂಬುದು ಇದರಿಂದ ತಿಳಿಯುತ್ತದೆ.

226 ದಿನಗಳ ವಿಚಾರಣೆ

1991ರ ಮೇ 13ರಂದು ಬ್ರಿಟನ್ನಿನ ಐಟಿವಿ ವಾಹಿನಿಯಲ್ಲಿ ಐರಿಷ್ ಮಾಂಸ ಉದ್ಯಮದ ಬಗ್ಗೆ ಒಂದು ಕಾರ್ಯಕ್ರಮ ಪ್ರಸಾರವಾಯಿತು. ಪತ್ರಕರ್ತೆ ಸೂಸನ್ ಓಕೀಫ್ ಅದಕ್ಕಾಗಿ ಮಾಹಿತಿ ಕಲೆಹಾಕಿದ್ದರು. ಡಾಲ್‌ನಲ್ಲಿ ಮತ್ತೆ ಗದ್ದಲವಾಯಿತು. ಆ ತಿಂಗಳೇ ಸರ್ಕಾರ ವಿಚಾರಣಾ ಆಯೋಗವನ್ನು ನೇಮಿಸಿತು. ಜನ ಅದನ್ನು 'ಬೀಫ್ ಟ್ರಿಬ್ಯೂನಲ್' ಎಂದು ಕರೆದರು. ನ್ಯಾಯಮೂರ್ತಿ ಲಿಯಮ್ ಹ್ಯಾಮಿಲ್ಟನ್ ಅದರ ಏಕೈಕ ಸದಸ್ಯರು. ಡಾಲ್‌ನಲ್ಲಿ ಮತ್ತು ಆ ಟಿವಿ ಕಾರ್ಯಕ್ರಮದಲ್ಲಿ ಬಂದ ಆರೋಪಗಳನ್ನು ಪರಿಶೀಲಿಸುವುದು ಆಯೋಗದ ಕೆಲಸ.

ಡಬ್ಲಿನ್ ಕೋಟೆಯಲ್ಲಿ ವಿಚಾರಣೆ 226 ದಿನ ನಡೆಯಿತು. ಸಚಿವರು, ಅಧಿಕಾರಿಗಳು, ಕಂಪನಿಯವರು, ಕಾರ್ಮಿಕರು, ಪ್ರಶ್ನೆ ಎತ್ತಿದ ಟಿಡಿಗಳು ಎಲ್ಲರೂ ಪ್ರಮಾಣ ಮಾಡಿ ಸಾಕ್ಷಿ ಹೇಳಿದರು. ವಕೀಲರ ಪಾಟೀಸವಾಲು ನಡೆಯಿತು. ಕೊನೆಗೆ 900ಕ್ಕೂ ಹೆಚ್ಚು ಪುಟಗಳ ವರದಿ ಬಂತು.

ವಿಚಾರಣೆಯ ನಡುವೆ ನ್ಯಾಯಮೂರ್ತಿಗಳು ಹೇಳಿದ ಒಂದು ಮಾತು ಐರ್ಲೆಂಡಿನಲ್ಲಿ ಇಂದಿಗೂ ಪ್ರಸಿದ್ಧ. ಇಲ್ಲಿ ಉತ್ತರ ಕೊಡುತ್ತಿರುವ ಹಾಗೆ ಡಾಲ್‌ನಲ್ಲಿಯೇ ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದರೆ ಈ ವಿಚಾರಣೆಯ ಅಗತ್ಯವೇ ಇರುತ್ತಿರಲಿಲ್ಲ, ಎಷ್ಟೋ ಹಣ ಮತ್ತು ಸಮಯ ಉಳಿಯುತ್ತಿತ್ತು ಎಂಬುದು ಅದರ ಸಾರಾಂಶ.

ಇಡೀ ಪ್ರಕರಣದ ಪಾಠ ಈ ಒಂದು ಮಾತಿನಲ್ಲಿದೆ. ಉತ್ತರ ಕೊಡದಿದ್ದರೆ ಪ್ರಶ್ನೆ ಸಾಯುವುದಿಲ್ಲ. ಕಟ್ಟದೆ ಬಿಟ್ಟ ಸಾಲದಂತೆ ಬಡ್ಡಿ ಬೆಳೆಸಿಕೊಂಡು ಮತ್ತೆ ಬಾಗಿಲಿಗೆ ಬರುತ್ತದೆ. ಸದನದಲ್ಲಿ ಕೆಲವು ನಿಮಿಷಗಳಲ್ಲಿ ಹೇಳಬಹುದಾಗಿದ್ದ ಸಂಗತಿಗೆ 226 ದಿನ ಬೇಕಾಯಿತು.

ಎರಡು ತೀರ್ಪುಗಳು

ವಿಚಾರಣೆಯ ಕಾಲದಲ್ಲಿ ಎರಡು ವಿಷಯಗಳು ಐರ್ಲೆಂಡಿನ ಸುಪ್ರೀಂ ಕೋರ್ಟಿಗೆ ಹೋದವು.

ಮೊದಲನೆಯದು ಸಂಪುಟದ ಗುಟ್ಟು. 1988ರ ಜೂನ್ 8ರ ಸಚಿವ ಸಂಪುಟ ಸಭೆಯಲ್ಲಿ ಏನು ಮಾತುಕತೆಯಾಯಿತು ಎಂದು ಒಬ್ಬ ಮಾಜಿ ಸಚಿವರನ್ನು ಕೇಳಬಹುದೇ? ಕೇಳುವಂತಿಲ್ಲ ಎಂದು 1992ರಲ್ಲಿ ಕೋರ್ಟ್ ತೀರ್ಪು ಕೊಟ್ಟಿತು. ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ ಇದ್ದರು.

ಎರಡನೆಯದು ಟಿಡಿಗಳ ರಕ್ಷಣೆ. ಸದನದಲ್ಲಿ ನೀವು ಹೇಳಿದ ಮಾಹಿತಿ ನಿಮಗೆ ಯಾರಿಂದ ಸಿಕ್ಕಿತು ಎಂದು ಅವರನ್ನು ಬಲವಂತ ಮಾಡಬಹುದೇ? ಮಾಡುವಂತಿಲ್ಲ ಎಂದು 1993ರಲ್ಲಿ ಕೋರ್ಟ್ ಹೇಳಿತು. 15ನೇ ವಿಧಿಯ ನಿಯಮ ಇಲ್ಲಿ ಕೆಲಸಕ್ಕೆ ಬಂತು. ಒಬ್ಬ ಸಾಮಾನ್ಯ ಗುಮಾಸ್ತ ಅಥವಾ ಕಾರ್ಮಿಕ ಧೈರ್ಯ ಮಾಡಿ ಟಿಡಿಯೊಬ್ಬರಿಗೆ ಒಂದು ಕಾಗದ ಕೊಟ್ಟರೆ, ಅವನ ಹೆಸರು ಹೊರಗೆ ಬಂದರೆ ಕೆಲಸ ಹೋಗಬಹುದು. ಹೆಸರು ಕಾಪಾಡಿದರೆ ಮಾತ್ರ ಮುಂದಿನವನು ಬಂದು ಹೇಳುತ್ತಾನೆ.

ಆದರೆ ಪತ್ರಕರ್ತೆ ಸೂಸನ್ ಓಕೀಫ್ ಅವರಿಗೆ ಈ ರಕ್ಷಣೆ ಇರಲಿಲ್ಲ. ಮಾಹಿತಿ ಕೊಟ್ಟವರ ಹೆಸರು ಹೇಳಲು ಒಪ್ಪದ್ದಕ್ಕೆ ಅವರ ಮೇಲೆ ಮೊಕದ್ದಮೆ ಹೂಡಿದರು. 1995ರಲ್ಲಿ ಅವರು ಖುಲಾಸೆಯಾದರು.

ಸರ್ಕಾರ ಬಿತ್ತು, ವರದಿ ಬಂತು

1992ರ ಫೆಬ್ರವರಿಯಲ್ಲಿ ರೆನಾಲ್ಡ್ಸ್ ಟೀಶಖ್ ಆದರು. ಒಮ್ಯಾಲಿ ಅವರದೇ ಸಂಪುಟದಲ್ಲಿ ಸಚಿವರಾಗಿ ಮುಂದುವರಿದರು. ಆ ವರ್ಷ ಆಯೋಗದ ಮುಂದೆ ಸಾಕ್ಷಿ ಹೇಳುವಾಗ ಒಮ್ಯಾಲಿ, ರೆನಾಲ್ಡ್ಸ್ ಅವರ ಹಿಂದಿನ ವಿಮೆ ನಿರ್ಧಾರಗಳನ್ನು ಕಟುವಾಗಿ ಟೀಕಿಸಿದರು. ಬಳಿಕ ಸಾಕ್ಷಿ ಹೇಳಿದ ರೆನಾಲ್ಡ್ಸ್, ಒಮ್ಯಾಲಿಯವರ ಸಾಕ್ಷ್ಯ ಪ್ರಾಮಾಣಿಕವಲ್ಲ ಎಂದರು. ಟೀಶಖ್ ತಮ್ಮದೇ ಸಂಪುಟದ ಸಚಿವರ ಬಗ್ಗೆ ಪ್ರಮಾಣ ಮಾಡಿ ಹೀಗೆ ಹೇಳಿದ ಮೇಲೆ ಜೊತೆಯಲ್ಲಿ ಉಳಿಯಲು ಆಗಲಿಲ್ಲ. ಒಮ್ಯಾಲಿಯವರ ಪಕ್ಷ ಹೊರಬಂತು. ನವೆಂಬರ್ 5ರಂದು ವಿಶ್ವಾಸಮತದಲ್ಲಿ ಸರ್ಕಾರ ಸೋತಿತು.

ನವೆಂಬರ್ 25ರ ಚುನಾವಣೆಯಲ್ಲಿ ಡಿಕ್ ಸ್ಪ್ರಿಂಗ್ ಅವರ ಲೇಬರ್ ಪಕ್ಷ 33 ಸ್ಥಾನ ಗೆದ್ದಿತು. ಅದಕ್ಕೆ ಅಲ್ಲಿಯವರೆಗೆ ಅಷ್ಟು ಸ್ಥಾನ ಬಂದಿರಲಿಲ್ಲ. ಪ್ರಶ್ನೆ ಎತ್ತಿದವರಲ್ಲಿ ಒಬ್ಬರಾದ ಸ್ಪ್ರಿಂಗ್, 1993ರಲ್ಲಿ ರೆನಾಲ್ಡ್ಸ್ ಅವರ ಜೊತೆಗೇ ತಾನಿಷ್ಟೆಯಾಗಿ ಸರ್ಕಾರ ಸೇರಿದರು. ರಾಜಕೀಯದಲ್ಲಿ ಇಂಥದ್ದೂ ನಡೆಯುತ್ತದೆ.

1994ರಲ್ಲಿ ವರದಿ ಬಂತು. ಅದನ್ನು ಎರಡೂ ಕಡೆಯಿಂದ ಓದುವುದು ನ್ಯಾಯ. ಮಾಂಸ ಉದ್ಯಮದಲ್ಲಿ ತೆರಿಗೆ ತಪ್ಪಿಸಿದ್ದು, ಯುರೋಪಿನ ಸಾರ್ವಜನಿಕ ಯೋಜನೆಗಳಲ್ಲಿ ಅಕ್ರಮ ನಡೆದದ್ದು ನಿಜ ಎಂದು ವರದಿ ಹೇಳಿತು. ವಿಮೆಯ ವಿಷಯದಲ್ಲಿ, ರೆನಾಲ್ಡ್ಸ್ ಅವರು ಸ್ವಂತ ಲಾಭಕ್ಕಾಗಿ ನಿರ್ಧಾರ ಮಾಡಿದರು ಎಂಬುದಕ್ಕೆ ಪುರಾವೆ ಇಲ್ಲ ಎಂದೂ ಹೇಳಿತು. ಅಂದರೆ ಕೇಳಿದ್ದೆಲ್ಲವೂ ಸಾಬೀತಾಗಲಿಲ್ಲ.

ಇದರಿಂದ ಪ್ರಶ್ನೆ ಕೇಳಿದ್ದು ತಪ್ಪಾಯಿತೇ? ನನ್ನ ಅಭಿಪ್ರಾಯದಲ್ಲಿ ಇಲ್ಲ. ಲೆಕ್ಕಪರಿಶೋಧಕ ವೋಚರ್ ತೋರಿಸಿ ಎಂದರೆ ಕ್ಯಾಷಿಯರ್ ಕಳ್ಳ ಎಂದು ಅರ್ಥವಲ್ಲ. ವೋಚರ್ ಸರಿಯಾಗಿದ್ದರೆ ಕ್ಯಾಷಿಯರ್‌ಗೇ ಒಳ್ಳೆಯ ಹೆಸರು. 1989ರಲ್ಲಿಯೇ ಪೂರ್ತಿ ಉತ್ತರ ಸದನಕ್ಕೆ ಬಂದಿದ್ದರೆ ರೆನಾಲ್ಡ್ಸ್ ಅವರೂ ಐದು ವರ್ಷ ಸಂಶಯದ ನೆರಳಿನಲ್ಲಿ ಇರಬೇಕಾಗಿರಲಿಲ್ಲ. ಉತ್ತರ ಕೊಡುವುದರಿಂದ ಕೇಳಿದವರಿಗೆ ಮಾತ್ರವಲ್ಲ, ಕೊಟ್ಟವರಿಗೂ ಲಾಭವಿದೆ.

ಆಮೇಲೆ ಬದಲಾದದ್ದು

1997ರ ಅಕ್ಟೋಬರ್‌ನಲ್ಲಿ ಜನಮತಗಣನೆ ನಡೆಸಿ ಸಂವಿಧಾನಕ್ಕೆ 17ನೇ ತಿದ್ದುಪಡಿ ತಂದರು. ಸಂಪುಟದ ಮಾತುಕತೆ ಗುಟ್ಟಾಗಿಯೇ ಇರುತ್ತದೆ, ಆದರೆ ನ್ಯಾಯಕ್ಕಾಗಿ ಅಥವಾ ಆಯೋಗದ ವಿಚಾರಣೆಗಾಗಿ ತೀರಾ ಅಗತ್ಯವಿದ್ದರೆ ಹೈಕೋರ್ಟ್ ಅದನ್ನು ಬಿಡಿಸಬಹುದು ಎಂಬುದು ಅದರ ಅರ್ಥ. ಅದೇ ವರ್ಷ ಮಾಹಿತಿ ಸ್ವಾತಂತ್ರ್ಯ ಕಾಯ್ದೆ ಬಂತು, 1998ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ಟಿಡಿಗಳು ಮಾತ್ರವಲ್ಲದೆ ಸಾಮಾನ್ಯ ಜನರೂ ಸರ್ಕಾರದ ಕಾಗದ ಕೇಳಬಹುದಾಯಿತು.

ಆದರೆ ಯಾರು ಕೇಳಬೇಕು ಎಂಬ ಜಗಳ ಇನ್ನೂ ಮುಗಿದಿಲ್ಲ. 2025ರ ಜನವರಿಯಲ್ಲಿ ಹೊಸ ಸರ್ಕಾರ ರಚನೆಯಾಗಬೇಕಿತ್ತು. ಸರ್ಕಾರಕ್ಕೆ ಬೆಂಬಲ ಕೊಟ್ಟ ಕೆಲವು ಪಕ್ಷೇತರ ಸದಸ್ಯರು ವಿರೋಧ ಪಕ್ಷದ ಮಾತಿನ ಸಮಯದಲ್ಲಿ ತಮಗೂ ಪಾಲು ಕೇಳಿದರು. ಸಿನ್ ಫೇನ್ ಪಕ್ಷದ ನಾಯಕಿ ಮೇರಿ ಲೂ ಮೆಕ್‌ಡೊನಾಲ್ಡ್ ಮತ್ತು ಇತರ ವಿರೋಧ ಪಕ್ಷಗಳು ಒಪ್ಪಲಿಲ್ಲ. ಸರ್ಕಾರಕ್ಕೆ ಮತ ಹಾಕುವವರು ಸರ್ಕಾರವನ್ನು ಪ್ರಶ್ನಿಸುವವರ ಸಾಲಿನಲ್ಲಿ ಹೇಗೆ ನಿಲ್ಲುತ್ತಾರೆ ಎಂಬುದು ಅವರ ತಕರಾರು. ಗದ್ದಲದಿಂದಾಗಿ ಜನವರಿ 22ರಂದು ಟೀಶಖ್ ಆಯ್ಕೆ ನಡೆಯಲಿಲ್ಲ, ಮರುದಿನ ಮೀಹಾಲ್ ಮಾರ್ಟಿನ್ ಆಯ್ಕೆಯಾದರು. ಮಾರ್ಚ್‌ನಲ್ಲಿ ನಿಯಮ ಬದಲಾಯಿಸುವಾಗ ಮತ್ತೆ ಗದ್ದಲವಾಯಿತು. ಆಗ ಪೀಠದಲ್ಲಿದ್ದವರು ವೆರೋನಾ ಮರ್ಫಿ. ಡಾಲ್‌ನ ಸ್ಪೀಕರ್ ಆದ ಮೊದಲ ಮಹಿಳೆ ಅವರು.

ಕೆಲವು ನಿಮಿಷಗಳ ಮಾತಿಗಾಗಿ ಇಷ್ಟು ಜಗಳವೇ ಎಂದು ಮೊದಲು ನನಗೂ ಅನಿಸಿತು. 1989ರ ಕಥೆ ಓದಿದ ಮೇಲೆ ಹಾಗೆ ಅನಿಸುವುದಿಲ್ಲ. ಸರ್ಕಾರದ ಕೈಯಲ್ಲಿ ಹಣ, ಅಧಿಕಾರಿಗಳು, ಕಡತಗಳು ಎಲ್ಲವೂ ಇವೆ. ವಿರೋಧ ಪಕ್ಷದ ಕೈಯಲ್ಲಿ ಇರುವುದು ಪ್ರಶ್ನೆ ಕೇಳುವ ಆ ಕೆಲವು ನಿಮಿಷಗಳು ಮಾತ್ರ.

ಒಳ್ಳೆಯ ಪ್ರಶ್ನೆ ಹೇಗಿರಬೇಕು?

ಈ ಪ್ರಕರಣದಿಂದ ನಾವು ಕಲಿಯಬಹುದಾದ ನಾಲ್ಕು ಅಂಶಗಳು:

1. ಪ್ರಶ್ನೆ ಕಿರಿದಾಗಿರಬೇಕು. "ಸರ್ಕಾರ ರಫ್ತಿಗೆ ಏನು ಮಾಡುತ್ತಿದೆ?" ಎಂದು ಕೇಳಿದರೆ ಸಚಿವರು ಅರ್ಧ ಗಂಟೆ ಹೊಗಳಿಕೊಳ್ಳಬಹುದು. "ಈ ವರ್ಷ ಈ ದೇಶದ ವ್ಯಾಪಾರಕ್ಕೆ ಎಷ್ಟು ಮೊತ್ತದ ವಿಮೆ ಕೊಟ್ಟಿದ್ದೀರಿ, ಎಷ್ಟು ಕಂಪನಿಗಳಿಗೆ?" ಎಂದು ಕೇಳಿದರೆ ಉತ್ತರ ಎರಡು ಅಂಕಿಗಳು.

2. ಎರಡು ದಾಖಲೆಗಳನ್ನು ಪಕ್ಕಪಕ್ಕ ಇಡಬೇಕು. ವಿಮೆಯ ಲೆಕ್ಕ ಒಂದು ಕಡೆ, ರಫ್ತಿನ ಲೆಕ್ಕ ಇನ್ನೊಂದು ಕಡೆ. ಹೊಂದದ ಜಾಗದಲ್ಲಿ ಪ್ರಶ್ನೆ ಹುಟ್ಟುತ್ತದೆ.

3. ಉಪಪ್ರಶ್ನೆ ಸಿದ್ಧವಿರಬೇಕು. ಮೊದಲ ಉತ್ತರ ಕೇಳಿ ಕುಳಿತುಬಿಟ್ಟರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ಏನು ಹೇಳಿದರು ಎಂಬುದರ ಜೊತೆಗೆ ಏನು ಹೇಳದೆ ಬಿಟ್ಟರು ಎಂಬುದನ್ನೂ ಗಮನಿಸಬೇಕು.

4. ಕೇಳುವವರು ಉತ್ತರ ಕೊಡುವ ಸ್ಥಾನಕ್ಕೆ ಬಂದಾಗಲೂ ಅದೇ ನಿಯಮ ಪಾಲಿಸಬೇಕು. ಒಮ್ಯಾಲಿ ಕುರ್ಚಿಗೆ ಬಂದ ಮೇಲೆ ಕಡತ ಮುಚ್ಚಿಡಲಿಲ್ಲ. ಅವರ ಎಲ್ಲ ನಿರ್ಧಾರಗಳನ್ನು ನಾವು ಒಪ್ಪಬೇಕಿಲ್ಲ, ಆದರೆ ಇದನ್ನು ಮೆಚ್ಚಬೇಕು.

ಈ ನಾಲ್ಕು ಅಂಶಗಳು ಸಂಸತ್ತಿಗೆ ಮಾತ್ರ ಸೀಮಿತವಲ್ಲ. ನಾಳೆ ನಮ್ಮಲ್ಲಿ ಕೆಲವರು ಲೆಕ್ಕಪರಿಶೋಧಕರಾಗುತ್ತೇವೆ, ಕೆಲವರು ಬ್ಯಾಂಕಿಗೆ ಹೋಗುತ್ತೇವೆ, ಕೆಲವರು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತೇವೆ. ಯಾರದೋ ಹಣ ನಮ್ಮ ಕೈಯಲ್ಲಿ ಇರುವವರೆಗೆ ಅವರು ಕೇಳಿದ ಸವಾಲಿಗೆ ಜವಾಬು ಕೊಡಬೇಕಾದವರು ನಾವು. ಜವಾಬ್ದಾರಿ ಎಂಬ ಪದ ಹೇಳುವುದೂ ಅಷ್ಟನ್ನೇ.

ಅಭ್ಯಾಸಕ್ಕೆ

1. ರಫ್ತು ಸಾಲ ವಿಮೆಯನ್ನು ಸಂಭಾವ್ಯ ಹೊಣೆ ಎಂದು ಏಕೆ ಕರೆಯುತ್ತೇವೆ? ಇದು ಬಜೆಟ್ಟಿನಲ್ಲಿ ಏಕೆ ಸುಲಭವಾಗಿ ಕಾಣುವುದಿಲ್ಲ?

2. ಸದನದ ಸದಸ್ಯರಿಗೆ ಮಾಹಿತಿ ಕೊಟ್ಟವರ ಹೆಸರು ಕಾಪಾಡುವ ಹಕ್ಕು ಬೇಕೇ? ಪತ್ರಕರ್ತರಿಗೂ ಬೇಕೇ? ಕಾರಣ ಕೊಡಿ.

3. ಸಚಿವ ಸಂಪುಟದ ಮಾತುಕತೆ ಗುಟ್ಟಾಗಿರಬೇಕು ಎಂಬುದಕ್ಕೆ ಒಂದು ಒಳ್ಳೆಯ ಕಾರಣ, ಇರಬಾರದು ಎಂಬುದಕ್ಕೆ ಒಂದು ಒಳ್ಳೆಯ ಕಾರಣ ಬರೆಯಿರಿ.

4. ದಿನಪತ್ರಿಕೆಯಿಂದ ಒಂದು ಸರ್ಕಾರಿ ಯೋಜನೆಯ ಸುದ್ದಿ ಆರಿಸಿ. ಅದರ ಬಗ್ಗೆ ಎರಡೇ ಅಂಕಿಗಳಲ್ಲಿ ಉತ್ತರಿಸಬಹುದಾದ ಒಂದು ಪ್ರಶ್ನೆಯನ್ನೂ ಒಂದು ಉಪಪ್ರಶ್ನೆಯನ್ನೂ ತಯಾರಿಸಿ ತರಗತಿಯಲ್ಲಿ ಓದಿ.